ಯಾರ ಕಾಕಿ, ಯಾರ ವೈನಿ

ಚಿಕ್ಕೋಡಿಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲೆ ನನ್ನ ಎರಡು ಕೋಣೆಗಳಿವೆ. ಮಕ್ಕಳ ಮಾತು, ಕಲಿಕೆ, ಮನಸ್ಸು ಹೇಗಿವೆ ಎಂದು ಪರೀಕ್ಷೆ ಮಾಡುವುದು, ಆಮೇಲೆ ಮನೆಯವರನ್ನು ಕೂರಿಸಿಕೊಂಡು ಮಾತಾಡುವುದು ನನ್ನ ಕೆಲಸ. ಬೋರ್ಡಿನ ಮೇಲೆ ಉದ್ದನೆಯ, ಭಾರವಾದ ಹೆಸರನ್ನೇ ಬರೆಸಿದ್ದೇನೆ. ಅದನ್ನು ಈವರೆಗೆ ಓದಿದವರು ಯಾರೂ ಇಲ್ಲ. ಕೆಳಗೆ ಅಂಗಡಿಯಲ್ಲಿ ವಿಚಾರಿಸಿದರೆ, "ಬುದ್ಧಿ ನೋಡೂ ದವಾಖಾನಿ ಹೌದಲ್ರಿ? ಮ್ಯಾಲ ಹೋಗ್ರಿ" ಎಂದು ಮೆಟ್ಟಿಲು ತೋರಿಸುತ್ತಾರೆ. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ವರ್ಷ ಓದಿದ್ದು ಬುದ್ಧಿ ನೋಡುವುದಕ್ಕೇನು, ನಾನೇನು ಗಿಳಿಶಾಸ್ತ್ರ ಹೇಳುವವಳೇ ಎಂದು ಜಗಳಕ್ಕೂ ಇಳಿದಿದ್ದೆ. ಈಗ ಫೋನಿನಲ್ಲಿ ದಾರಿ ಹೇಳುವಾಗ ನಾನೇ ಹಾಗೆ ಹೇಳುತ್ತೇನೆ.

ಬರುವವರಿಗೆ ಮೊದಲ ನಿರಾಸೆ ಎಂದರೆ ನನ್ನಲ್ಲಿ ಸೂಜಿಯೂ ಇಲ್ಲ, ಟಾನಿಕ್ಕೂ ಇಲ್ಲ. ಅಥಣಿ ಕಡೆಯ ಒಬ್ಬ ಅಜ್ಜ, "ಬರೇ ಮಾತಾಡಸಾಕ ಇಷ್ಟ ದೂರ ಕರಸ್ಕೋಬೇಕಾ? ಮಾತಾಡವ್ರು ನಮ್ಮ ಓಣ್ಯಾಗ ಕಡಿಮಿ ಅದಾರೇನ್ರಿ" ಎಂದು ಗದರಿದ್ದ. ಆಮೇಲೆ ಮೊಮ್ಮಗನನ್ನು ಬದಿಗೆ ಸರಿಸಿ ಊಟದ ಹೊತ್ತಿನವರೆಗೆ ತಾನೇ ಮಾತಾಡಿ, ಹೋಗುವಾಗ "ಮನಸ ಹಗೂರಾತ ನೋಡ್ರಿ ಅಕ್ಕಾರ" ಎಂದ. ಇಲ್ಲಿ ಎಲ್ಲರಿಗೂ ನಾನು ಅಕ್ಕಾರ, ಅಂದರೆ ಸಾಲಿ ಮಾಸ್ತರಣಿ. ಡಾಕ್ಟರ್ ಅನ್ನಿಸಿಕೊಳ್ಳುವುದಕ್ಕಿಂತ ಇದೇ ನನಗೆ ಹೊಂದುತ್ತದೆ, ಏಕೆಂದರೆ ಗದರುವ ಅಭ್ಯಾಸ ನನಗೂ ಉಂಟು.

ಶೇಡಬಾಳದ ಆ ಮನೆಯವರು ಬಂದದ್ದು ಕಬ್ಬು ಕಡಿಯುವ ಕಾಲದಲ್ಲಿ. ಆ ದಿನಗಳಲ್ಲಿ ನನ್ನಲ್ಲಿಗೆ ಯಾರೂ ಹೇಳಿದ ಹೊತ್ತಿಗೆ ಬರುವುದಿಲ್ಲ. ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳೇ. ತಡವಾದದ್ದಕ್ಕೆ ಬೇರೆ ನೆಪ ಬೇಕಾಗಿಲ್ಲ. ಆದರೆ ಅವರು ಜೈನರು, ಹೊತ್ತು ಮುಳುಗುವುದರೊಳಗೆ ಮನೆ ಸೇರಿ ಊಟ ಮುಗಿಸಬೇಕು. ಅದಕ್ಕೆ ಬೆಳಗಿನ ಮೊದಲ ಪಾಳಿಯನ್ನೇ ಕೊಟ್ಟಿದ್ದೆ. ಮೂವರು ಬಂದರು: ಬಿಳಿ ಸೀರೆಯ ಅಜ್ಜಿ, ಆಕೆಯ ಸಣ್ಣ ಸೊಸೆ, ಆ ಸೊಸೆಯ ಒಬ್ಬಳೇ ಮಗಳು. ಹುಡುಗಿ ಒಂದನೇ ಇಯತ್ತೆ. ಎರಡು ಜಡೆ, ಮುಂದಿನ ಹಲ್ಲು ಇಲ್ಲ, ಕಣ್ಣು ಮಾತ್ರ ಕೋಣೆಯ ಆಟದ ಸಾಮಾನನ್ನೆಲ್ಲ ಆಗಲೇ ಎಣಿಸಿ ಮುಗಿಸಿತ್ತು.

ಬಂದ ಕಾರಣವನ್ನು ತಾಯಿ ಹೇಳಿದಳು. ಸಾಲಿಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದ ದಿನ, ಪಾಠ ಹೇಳುವ ಬಾಯಾರು ಹುಡುಗಿಯನ್ನು, "ನಿನ್ನ ಮಮ್ಮಿ ಎಲ್ಲಿ?" ಎಂದು ಕೇಳಿದ್ದಾರೆ. ತಾಯಿ ಪಕ್ಕದಲ್ಲೇ ನಿಂತಿದ್ದಾಳೆ. ಹುಡುಗಿ, "ಮಮ್ಮಿ ಹೊಲಕ್ಕ ಹೋಗ್ಯಾಳರಿ" ಎಂದಿದೆ.

"ಹಾಗಾದರೆ ಇವರು ಯಾರು?"

"ಇವರು ನಮ್ಮ ಕಾಕಿ."

ಬಾಯಾರು ದಕ್ಷಿಣದ ಕಡೆಯಿಂದ ಬಂದವರು, ಒಳ್ಳೆಯ ಮನಸ್ಸಿನವರೇ. ಹೆತ್ತ ತಾಯಿಯನ್ನು ಮಗು ಚಿಕ್ಕಮ್ಮ ಎನ್ನುತ್ತಿದೆ, ತಾಯಿಯ ಗುರುತೇ ಸಿಗುತ್ತಿಲ್ಲವೇನೋ, ಒಮ್ಮೆ ತೋರಿಸಿಬಿಡಿ ಎಂದು ಗಾಬರಿಯಿಂದ ಹೇಳಿ ಕಳಿಸಿದ್ದರು.

ನನಗೆ ನಗು ಬಂತು. ತಡೆದುಕೊಂಡೆ. ಏಕೆಂದರೆ ತಾಯಿ ನಗುತ್ತಿರಲಿಲ್ಲ.

ಈ ಸೀಮೆಯ ಕೂಡುಕುಟುಂಬದಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ದೊಡ್ಡ ಮಕ್ಕಳು ಯಾರನ್ನು ಏನೆಂದು ಕರೆಯುತ್ತಾರೋ ಸಣ್ಣದೂ ಹಾಗೇ ಕರೆಯುತ್ತದೆ. ಶೇಡಬಾಳದ ಆ ಮನೆಯಲ್ಲಿ 'ಅವ್ವ' ಎಂದರೆ ಅಜ್ಜಿ. 'ಮಮ್ಮಿ' ಎಂದರೆ ದೊಡ್ಡ ಸೊಸೆ, ಅವಳ ಮೂರು ಮಕ್ಕಳು ಅವಳನ್ನು ಹಾಗೆ ಕರೆಯುವುದರಿಂದ. ಅವಳ ಗಂಡ ಪಪ್ಪಾ. ಆ ಮೂವರಿಗೆ ಸಣ್ಣ ಸೊಸೆ ಕಾಕಿ, ಅವಳ ಗಂಡ ಕಾಕಾ. ನಾಲ್ಕನೆಯದಾಗಿ ಹುಟ್ಟಿದ ಈ ಹುಡುಗಿ ಕಣ್ಣು ಬಿಟ್ಟು ಕಿವಿ ತೆರೆಯುವ ಹೊತ್ತಿಗೆ ಒಳ್ಳೊಳ್ಳೆಯ ಹೆಸರುಗಳೆಲ್ಲ ಹಂಚಿಹೋಗಿದ್ದವು. ಹೆತ್ತವಳ ಪಾಲಿಗೆ ಉಳಿದದ್ದು ಕಾಕಿ.

ಆದರೂ ಪರೀಕ್ಷೆ ಎಂದ ಮೇಲೆ ಪರೀಕ್ಷೆ. ಗೊತ್ತಿದೆ ಎಂದು ಮಾಡದೆ ಬಿಡುವುದು ನನ್ನ ಜಾಯಮಾನವಲ್ಲ. ಅತ್ತೆ ಸೊಸೆಯನ್ನು ಹೊರಕೋಣೆಯಲ್ಲಿ ಕೂರಿಸಿ ಹುಡುಗಿಯನ್ನು ಒಳಗೆ ಕರೆದೆ. ಮರದ ತುಂಡುಗಳನ್ನು ನಾನು ಜೋಡಿಸುವ ಮೊದಲೇ ಜೋಡಿಸಿದಳು. ಚಿತ್ರ ನೋಡಿ ಕತೆ ಕಟ್ಟು ಎಂದರೆ, ಚಿತ್ರದಲ್ಲಿ ಇಲ್ಲದ ಎಮ್ಮೆಯೊಂದನ್ನು ತಂದು ಕಟ್ಟಿದಳು. ಅಜ್ಜಿಯ ಹತ್ತಿರ ಕನ್ನಡ, ತಾಯಿಯ ಹತ್ತಿರ ಮರಾಠಿ, ನನ್ನ ಹತ್ತಿರ ಎರಡೂ. ತಾಯಿಯ ತವರು ನಿಪ್ಪಾಣಿ, ಅಲ್ಲಿ ಮನೆಮಾತು ಮರಾಠಿ. ಮನೆಯವರ ಚಿತ್ರ ಬರಿ ಎಂದಾಗ ಹಾಳೆ ಸಾಲಲಿಲ್ಲ. ಅವ್ವ, ಪಪ್ಪಾ, ಮಮ್ಮಿ, ಕಾಕಾ, ಅಣ್ಣ ಅಕ್ಕಂದಿರು, ಎಮ್ಮೆ. ಮೂಲೆಯಲ್ಲಿ ಕಾಕಿ. ಕಾಕಿಯ ಸೊಂಟಕ್ಕೆ ಅಂಟಿಕೊಂಡು ಎರಡು ಜಡೆಯ ಒಂದು ಸಣ್ಣ ಗೊಂಬೆ.

"ಇದು ಯಾರು?" ಎಂದೆ.

"ನಾನss" ಎಂದಳು, ಇಷ್ಟೂ ತಿಳಿಯುವುದಿಲ್ಲವೇ ಎಂಬ ದನಿಯಲ್ಲಿ.

ಆಟದ ಸಾಮಾನಿಡುವ ಮರದ ಪೆಟ್ಟಿಗೆಯ ಮುಚ್ಚಳ ಸಡಿಲಾಗಿದೆ, ರಿಪೇರಿ ಮಾಡಿಸಬೇಕು ಎಂದು ನಾನು ಅಂದುಕೊಳ್ಳುತ್ತಲೇ ಇದ್ದೆ. ಹುಡುಗಿ ಒಳಗೆ ಕೈಹಾಕಿದಾಗ ಅದು ಧಪ್ಪನೆ ಬಿತ್ತು. ಬೆರಳು ಸಿಕ್ಕಿತು. ಬೆಂಕಿ ತಗುಲಿದವರಂತೆ ಚೀರಿದಳು:

"ಕಾಕೀ!"

ಹೊರಗೆ ಇಬ್ಬರೂ ಎದ್ದರು. ಬಾಗಿಲ ಹತ್ತಿರ ಕೂತಿದ್ದ ಅಜ್ಜಿಯೇ ಮೊದಲು ಬಂದಳು, ಕೈ ಚಾಚಿದಳು. ಹುಡುಗಿ ಆ ಕೈಯ ಕೆಳಗೆ ನುಸುಳಿ ಹಿಂದೆ ಬರುತ್ತಿದ್ದ ತಾಯಿಯ ಹೊಟ್ಟೆಗೆ ಮುಖ ಹುದುಗಿಸಿ, ಮತ್ತೆ ಕಾಕಿ ಕಾಕಿ ಎಂದು ಬಿಕ್ಕಿದಳು. ಬೆರಳಿಗೇನೂ ಆಗಿರಲಿಲ್ಲ, ಸ್ವಲ್ಪ ಕೆಂಪಾಗಿತ್ತು ಅಷ್ಟೆ. ನಾನು ತಣ್ಣೀರು ತಂದುಕೊಟ್ಟೆ. ಅಜ್ಜಿ ಮೊಮ್ಮಗಳನ್ನು ಸಮಾಧಾನ ಮಾಡುತ್ತ, ಬಟ್ಟೆ ಅಂಗಡಿ ತೋರಿಸಿಕೊಂಡು ಬರುತ್ತೇನೆಂದು ಕೆಳಗೆ ಕರೆದುಕೊಂಡು ಹೋದಳು.

ನಾನು ತಾಯಿಗೆ ಹೇಳಿದೆ: "ತಂಗಿ, ನಮ್ಮ ಕಡೆ ಕಾಲಿಗೆ ಕಲ್ಲ ಎಡವಿದ್ರ ಮೀಸಿ ಹೊತ್ತ ಗಂಡಸರೂ 'ಯವ್ವಾ' ಅಂತಾರ. ಹೌದಿಲ್ಲ? ನಿನ್ನ ಮಗಳು ಏನಂದ್ಲು ಕೇಳ್ದಿ? ಆಕೀ ಯವ್ವಾ ಅಂದ್ರ ಕಾಕಿ. ಅವ್ವ ಬಾಗಲದಾಗ ಕುಂತಿದ್ರೂ ಕೂಗಿದ್ದು ನಿನ್ನ."

ಅವಳ ಕಣ್ಣು ತುಂಬಿತು. "ಅದ ಖರೇರಿ ಅಕ್ಕಾರ. ಮನ್ಯಾಗ ನಂಗೇನೂ ಅನಸೂದಿಲ್ಲ. ಮಂದಿ ನಡಬರಕ ಕಾಕಿ ಅಂದ್ಲಂದ್ರ ಕರಳ ಚುರ್ ಅಂತೈತ್ರಿ. ಒಂಬತ್ತ ತಿಂಗಳ ನಾನss ಹೊತ್ತೇನಿಲ್ಲ?" ಎಂದಳು. ಆಮೇಲೆ ದನಿ ತಗ್ಗಿಸಿ ತನ್ನ ಮನಸ್ಸಿನಲ್ಲಿದ್ದದ್ದನ್ನು ಬಿಚ್ಚಿದಳು. ಮಗಳನ್ನು ಕರೆದುಕೊಂಡು ತವರಿಗೆ ಹೋಗಿ, ಅಲ್ಲಿಯ ಸಾಲಿಗೆ ಹಾಕಬೇಕೆಂದಿದ್ದಾಳೆ. "ಅಲ್ಲಿ ನಾವಿಬ್ಬರ ಇದ್ರ ತಾನಾಗೇ ಆಯಿ ಅಂತಾಳ. ನಾವೆಲ್ಲಾ ನಮ್ಮವ್ವಗ ಆಯಿ ಅಂತೀವ್ರಿ. ಅಕ್ಕಾರ ಹೇಳ್ಯಾರ ಅಂದ್ರ ಮನ್ಯಾಗ ಯಾರೂ ಇಲ್ಲ ಅನ್ನೂದಿಲ್ಲ. ನೀವು ಅಷ್ಟ ಬರದ ಕೊಡ್ರಿ."

ಆಗ ನನ್ನ ನಗು ಪೂರ್ತಿ ಇಳಿಯಿತು. ಒಂದು ಶಬ್ದಕ್ಕಾಗಿ ಹುಡುಗಿಯನ್ನು ತುಂಬಿದ ಮನೆಯಿಂದ ಕಿತ್ತು ಬೇರೆ ಊರಿಗೆ ಒಯ್ಯುವುದು, ಅದಕ್ಕೆ ನನ್ನ ಸಹಿ. ಆಗುವುದಿಲ್ಲ ಎನ್ನುವುದು ಸುಲಭವಿತ್ತು. ಆದರೆ ಈಕೆಯ ನೋವೂ ಸುಳ್ಳಲ್ಲವಲ್ಲ. ನೋವಿಗೆ 'ತಪ್ಪು ತಿಳಿದಿದ್ದೀಯ' ಎಂದು ಉತ್ತರ ಕೊಟ್ಟರೆ ಅದು ಎಲ್ಲಿ ಇಳಿಯುತ್ತದೆ?

ಅಷ್ಟರಲ್ಲಿ ಅಜ್ಜಿ ಮೇಲೆ ಬಂದಳು. ಸೊಸೆ ಮಗಳ ಕೈ ನೋಡುತ್ತ ಹೊರಕೋಣೆಗೆ ಹೋದದ್ದೇ ತಡ, ನನ್ನ ಹತ್ತಿರ ಬಂದು ಪಿಸುಗುಟ್ಟಿದಳು: "ಆಕಿ ಏನ ಕೇಳಿರತಾಳ ನಂಗ ಗೊತ್ತೈತ್ರಿ. ಕೂಸ್ನ ಒಯ್ಯಬ್ಯಾಡ ಅನ್ರಿ. ಬೇಕಾದ್ರ ನಂಗ ಅವ್ವ ಅನ್ನೂದ ಬಿಡಸ್ರಿ. ಆ ಹೆಸರ ಆಕೀಗೆ ಕೊಟ್ಟಬಿಡ್ರಿ. ನಾ ಮುದುಕಿ, ನಂಗ ಅಜ್ಜಿ ಅನ್ಲಿ, ಮುತ್ತಜ್ಜಿ ಅನ್ಲಿ, ಏನಂದ್ರೂ ನಡೀತೈತಿ."

ಬಳೆ ಬಿಚ್ಚಿ ಸೊಸೆಗೆ ಕೊಡುವವರನ್ನು ಕಂಡಿದ್ದೇನೆ. ಹೆಸರು ಬಿಚ್ಚಿ ಕೊಡುತ್ತೇನೆ ಎಂದವಳನ್ನು ಅವತ್ತೇ ಕಂಡದ್ದು. ಎಷ್ಟು ಚಂದದ ಮನೆಯಪ್ಪಾ ಇದು ಎಂದುಕೊಂಡೆ. ಅಷ್ಟಾದರೂ, ಹೆಸರು ಹಾಗೆ ಕೈ ಬದಲಾಯಿಸುವುದಿಲ್ಲ ಎಂದು ಹೇಳಲೇಬೇಕಾಯಿತು.

ಹೊರಡುವ ಮೊದಲು ತಾಯಿಗೆ ನನ್ನದೇ ಮನೆಯ ಸಂಗತಿ ಹೇಳಿದೆ. ನಾನು ಹುಟ್ಟಿದ್ದು ರಾಯಬಾಗ ತಾಲೂಕಿನಲ್ಲಿ, ಚಿಂಚಲಿ ಹತ್ತಿರದ ತುಂಬಿದ ಮನೆಯಲ್ಲಿ. ನನ್ನ ಮೂವರು ಕಾಕಾಗಳಿಗೆ ಆಗ ಇನ್ನೂ ಮದುವೆಯಾಗಿರಲಿಲ್ಲ. ಅವರು ನನ್ನ ತಾಯಿಯನ್ನು ಕರೆಯುತ್ತಿದ್ದದ್ದು ವೈನಿ, ಅಂದರೆ ಅತ್ತಿಗೆ. ಮೊದಲ ಕೂಸಾದ ನಾನೂ ಅದನ್ನೇ ಕಲಿತೆ. ಈಗಲೂ ನನ್ನ ಹೆತ್ತ ತಾಯಿ ನನಗೆ ವೈನಿಯೇ.

ಅವಳು ಕಣ್ಣು ಅಗಲಿಸಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ನಿಮ್ಮ ವೈನಿಗೆ ಬ್ಯಾಸರ ಆಗಲಿಲ್ಲೇನ್ರಿ?"

ಊರ ಮಂದಿಗೆಲ್ಲ ಪ್ರಶ್ನೆ ಕೇಳಿ ಹೊಟ್ಟೆ ಹೊರೆಯುವವಳು ನಾನು, ಆದರೂ ಈ ಪ್ರಶ್ನೆ ನನಗೆ ಎಂದೂ ಹೊಳೆದಿರಲಿಲ್ಲ. "ಕೇಳಿ ಹೇಳ್ತೀನಿ" ಎಂದೆ. "ಅಲ್ಲೀತನಕ ನೀನೂ ಏನೂ ನಿರ್ಧಾರ ಮಾಡಬ್ಯಾಡ. ಮುಂದಿನ ವಾರ ನಿನ್ನ ಗಂಡನ್ನೂ ಕರಕೊಂಡ ಬಾ."

ವೈನಿ ನನ್ನ ಜೊತೆಗೇ ಇರುತ್ತಾಳೆ. ಎಂಬತ್ತರ ಹತ್ತಿರದ ಜೀವ, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ನಾನು ಮನೆಗೆ ಹೋದಾಗ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಳು. ನಾನೂ ಒಂದು ಕಟ್ಟು ಬಿಚ್ಚಿಕೊಂಡು ಕೂತು ಕೇಳಿಯೇಬಿಟ್ಟೆ.

"ಆಗ್ತಿತ್ತವಾ, ಯಾಕ ಆಗೂದಿಲ್ಲ" ಎಂದಳು, ತಲೆ ಎತ್ತದೆ. "ಮೊದಲಮೊದಲ ಭಾಳ ಆಗ್ತಿತ್ತು. ಆಮ್ಯಾಲ ನೋಡ್ದೆ. ನಿಮ್ಮ ಕಾಕಾಗೋಳು ವೈನಿ ಅಂದ್ರ ನಾ 'ಏನ್ರಿ' ಅಂತಿದ್ನಿ. ನೀ ವೈನಿ ಅಂದ್ರ 'ಏನವಾ' ಅಂತಿದ್ನಿ. ಕರಿಯೂದು ಒಂದss ಆದ್ರೂ ಓ ಅನ್ನೂದ ಬ್ಯಾರೆ ಇತ್ತಲ್ಲ. ಸಾಕ ಅನಸ್ತು."

ಎರಡು ಕಡ್ಡಿ ಸೋಸಿ ಬದಿಗಿಟ್ಟು ಮತ್ತೆ ಹೇಳಿದಳು: "ಖರೇ ಬ್ಯಾಸರ ಆಗಿದ್ದ ಬ್ಯಾರೆ ದಿನಾ. ನೀ ಧಾರವಾಡಕ್ಕ ಕಲ್ಯಾಕ ಹೋಗಿ, ಸೂಟಿಗೆ ಬಂದಿದ್ದಿ. ಬಾಗಲದಾಗ ನಿಂತ 'ಅಮ್ಮಾ' ಅಂದಿ. ಯಾರನ್ನ ಕರದ್ಲ ಇಕಿ ಅಂತ ನಾ ಹಿಂದ ತಿರಗಿ ನೋಡಿದ್ನಿ. ಹಿಂದ ಯಾರೂ ಇರಲಿಲ್ಲ. ಅವತ್ತ ನಂಗ ಊಟ ಸೇರಲಿಲ್ಲ ನೋಡ."

ಹಾಸ್ಟೆಲಿನಲ್ಲಿ ಮೈಸೂರು ಕಡೆಯ ಗೆಳತಿಯರಿದ್ದರು. ಅವರಿಂದ ಬಂದ ಶಬ್ದ. ಎರಡು ದಿನ ಅಂದಿರಬಹುದು, ಆಮೇಲೆ ನನಗೇ ಮರೆತುಹೋಯಿತು. ವೈನಿಗೆ ಮರೆತಿರಲಿಲ್ಲ. ನಾನು ಅವಳ ಮೊಣಕಾಲಿಗೆ ತಲೆ ಆನಿಸಿದೆ. "ಸರಿ ಅತ್ತಾಗ, ಸೊಪ್ಪ ಚೆಲ್ಲತೈತಿ" ಎಂದು ಗದರಿದಳು.

ಮುಂದಿನ ವಾರ ಶೇಡಬಾಳದ ಗಂಡಹೆಂಡತಿ ಬಂದರು, ಮಗಳೂ ಬಂದಳು. ಅಜ್ಜಿ ಬರಲಿಲ್ಲ, ಬದಲಿಗೆ ಡಬ್ಬಿ ತುಂಬ ಶೇಂಗಾ ಹೋಳಿಗೆ ಕಳಿಸಿದ್ದಳು. ಲಂಚವೆಂದು ನನಗೆ ಗೊತ್ತಿತ್ತು, ತಿಂದೆ. ಗಂಡ ಒಳ್ಳೆಯ ಮನುಷ್ಯ. "ನಂಗೂ ಕಾಕಾ ಅಂತಾಳ್ರಿ. ನಂಗೇನ ಅನಸೂದss ಇಲ್ಲ" ಎಂದ. ಹೆಂಡತಿ ಅವನತ್ತ ನೋಡಿದ ನೋಟಕ್ಕೆ ಅಲ್ಲೇ ಬಾಯಿ ಮುಚ್ಚಿಕೊಂಡ.

ನಿರ್ಧಾರ ಮಾಡಬೇಡ ಎಂದಿದ್ದೆನೇ ಹೊರತು ಪ್ರಯತ್ನ ಮಾಡಬೇಡ ಎಂದಿರಲಿಲ್ಲ. ಆಕೆ ಒಂದು ವಾರ ಮಗಳಿಗೆ ಚಾಕಲೇಟ್ ತೋರಿಸಿ 'ಆಯಿ' ಎನ್ನುವುದನ್ನು ಕಲಿಸಿದ್ದಳು. "ಅಂದಳೇನು?" ಎಂದೆ.

"ಅಂತಾಳ್ರಿ. ಆಯಿ ಅಂತಾಳ. ಆಮ್ಯಾಲ, 'ಕಾಕಿ, ನಾ ಆಯಿ ಅಂದೆ, ಈಗ ಚಾಕಲೇಟ ಕೊಡು' ಅಂತಾಳ."

ಗಂಡ ಮೊದಲು ನಕ್ಕ. ಆಮೇಲೆ ಅವಳೂ ತಡೆಯಲಾರದೆ ನಕ್ಕಳು. ಆ ನಗು ಮುಗಿಯುವವರೆಗೆ ಕಾದು, ವೈನಿ ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸಿದೆ. ಏನ್ರಿ, ಏನವಾ ಎಂಬಲ್ಲಿ ತಲೆಯಾಡಿಸಿದಳು. ಹಿಂದೆ ತಿರುಗಿ ನೋಡಿದೆ, ಹಿಂದೆ ಯಾರೂ ಇರಲಿಲ್ಲ ಎಂಬಲ್ಲಿ, ನೆಲದ ಮೇಲೆ ಕೂತು ಮರದ ತುಂಡುಗಳಿಂದ ಎಮ್ಮೆಗೆ ಮನೆ ಕಟ್ಟುತ್ತಿದ್ದ ಮಗಳನ್ನು ಬಹಳ ಹೊತ್ತು ನೋಡಿದಳು.

"ಬ್ಯಾಡ ಬಿಡ್ರಿ ಅಕ್ಕಾರ" ಎಂದಳು ಕಡೆಗೆ. "ನಿಪ್ಪಾಣಿಗೆ ಒಯ್ದ ಆಯಿ ಅನಸ್ಕೊಂಡ್ನಿ ಅಂತ ತಿಳೀರಿ. ಆ ಆಯಿ ಪರಿಚಯಾನss ಆಕೀಗೆ ಇರೂದಿಲ್ಲ. ಕಾಕೀನ ಎಲ್ಲಿ ಬಿಟ್ಟ ಬಂದ್ವಿ ಅಂತ ಕೇಳಿದ್ರ ನಾ ಏನ ಹೇಳ್ಲಿ?"

ಇಷ್ಟು ಸರಿಯಾಗಿ ನಾನೂ ಹೇಳುತ್ತಿರಲಿಲ್ಲ. ಹುಡುಗಿಗೆ ಯಾವ ಕೊರತೆಯೂ ಇಲ್ಲವೆಂದು ರಿಪೋರ್ಟ್ ಬರೆದುಕೊಟ್ಟೆ. ಸಾಲಿಯ ಬಾಯಾರಿಗೆ ಫೋನು ಮಾಡಿ, ಆ ಮನೆಯಲ್ಲಿ ಕಾಕಿ ಎಂದರೆ ತಾಯಿ ಎಂದು ತಿಳಿಸಿದೆ. ಅವರು ಪಾಪ, ನಕ್ಕು ನಕ್ಕು ಸಾಕಾಗಿ, ಇನ್ನು ಮುಂದೆ ಕೇಳುವಾಗ "ನಿನ್ನನ್ನು ಹೆತ್ತವರು ಯಾರು" ಎಂದೇ ಕೇಳುತ್ತೇನೆ ಎಂದರು. ಹಾಗೆ ಕೇಳಿದರೆ ಇನ್ನೇನು ಉತ್ತರ ಬರುತ್ತದೋ ಎಂದು ನನಗೆ ಅನುಮಾನ. ಹೇಳಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ದಿನ ಆಕೆ ಒಬ್ಬಳೇ ಮೆಟ್ಟಿಲು ಹತ್ತಿ ಬಂದಳು. ಕೆಳಗಿನ ಅಂಗಡಿಗೆ ಮದುವೆ ಜವಳಿಗೆಂದು ಮನೆಮಂದಿಯೆಲ್ಲ ಬಂದಿದ್ದರಂತೆ. ಮುಖ ನೋಡಿದರೆ ಏನೋ ಹೇಳಲು ಬಂದವಳು, ಆದರೆ ಹೇಳುವ ಮೊದಲೇ ನಗು.

"ಏನಾತವಾ?" ಎಂದೆ.

"ಮನ್ಯಾಗ ದೊಡ್ಡ ಜಗಳಾರಿ ಅಕ್ಕಾರ. ನಮ್ಮಾಕಿ ಈಗ ತಿಳಕೊಂಡಾಳ, ತನ್ನ ಹಡದಾಕಿ ನಾನss ಅಂತ. ಸಾಲ್ಯಾಗ ಬಾಯಾರ ಹೇಳ್ಯಾರ. ಮನಿಗೆ ಬಂದಾಕೀನ, ಅವರಣ್ಣ ನನ್ನ 'ಕಾಕಿ' ಅಂದದ್ದಕ್ಕ ಹೋಗಿ ಅವನ ಬೆನ್ನಿಗೆ ಗುದ್ಯಾಳ. 'ಆಕಿ ನನ್ನ ಕಾಕಿ. ನೀವ್ಯಾರೂ ಕಾಕಿ ಅನ್ನಂಗಿಲ್ಲ. ನೀವು ಬ್ಯಾರೆ ಹೆಸರ ಹುಡಿಕ್ಯೋರಿ' ಅಂತಾಳ. ಊಟಾ ಬಿಟ್ಟ ಕುಂತಳ್ರಿ. ಹೊತ್ತ ಮುಳಗಾಕ ಬಂದಿತ್ತು. ಊಟ ತಪ್ಪತೈತಿ ಅಂತ ನಮ್ಮತ್ತಿ ಒಂದss ಸವನ ಬಡಕೊಳ್ಳಾಕತ್ರು. ಕಡೀಕ ಆ ಮೂರೂ ಹುಡುಗೋರು ಒಪ್ಪಿದ್ರು."

"ಈಗ ಅವರೇನು ಅಂತಾರ ನಿನಗ?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಆಯಿ ಅಂತಾರ್ರಿ. ಆಯಿ ಅನ್ನವ್ರು ಮೂರ ಮಂದಿ ಸಿಕ್ಕಾರ, ಒಂದೂ ನಾ ಹಡದದ್ದಲ್ಲ!"

ಇಬ್ಬರೂ ನಕ್ಕೆವು. ಕೆಳಗಿನಿಂದ, ಸೀರೆ ಸೆಂಟರ್ ಗದ್ದಲದ ನಡುವಿನಿಂದ, ಹಲ್ಲು ಬಂದ ಬಾಯಿಯ ಸ್ಪಷ್ಟ ದನಿಯೊಂದು "ಕಾಕೀ" ಎಂದು ಕೂಗಿತು. "ಬಂದೆವಾ" ಎಂದು ಅವಳು ಚಪ್ಪಲಿ ಮೆಟ್ಟಿಕೊಳ್ಳಲೂ ಮರೆತು ಓಡಿದಳು.

ಸಂಜೆ ಈ ಕತೆಯನ್ನು ವೈನಿಗೆ ಹೇಳಿದೆ. ಅವಳೂ ನಗುತ್ತಾಳೆಂದುಕೊಂಡಿದ್ದೆ. ನಕ್ಕಳು, ಇಲ್ಲವೆಂದಲ್ಲ. "ಛಲೋ ಮಾಡ್ಯಾಳ ಹುಡಗಿ" ಎಂದಳು. ಸ್ವಲ್ಪ ತಡೆದು, ಹಿಟ್ಟು ನಾದುತ್ತಿದ್ದ ನನ್ನ ಬೆನ್ನಿಗೆ ಕೇಳುವ ಹಾಗೆ, "ನೀ ಒಂದ ದಿನಾನೂ ನಿಮ್ಮ ಕಾಕಾಗೋಳ ಜೋಡಿ ಹಂಗ ಜಗಳಾ ತಗೀಲಿಲ್ಲ ನೋಡ" ಎಂದಳು.

ನಾನು ತಿರುಗಿ ನೋಡಿದೆ. ಚೇಷ್ಟೆ ಮಾಡುವಾಗ ಅವಳ ತುಟಿ ಒಂದು ಕಡೆ ಓರೆಯಾಗುತ್ತದೆ. ಈಗ ಆಗಿರಲಿಲ್ಲ.

ಮೂವರು ಕಾಕಾಗಳಲ್ಲಿ ಈಗ ಉಳಿದಿರುವುದು ಕಿರಿಯವನೊಬ್ಬನೇ. ಚಿಂಚಲಿಯಲ್ಲಿರುತ್ತಾನೆ. ಎಮ್ಮೆ ಹಿಂಡಿದ ಮೇಲೆ ಸಂಜೆ ಫೋನು ಮಾಡಿ, "ವೈನಿ ಅದಾರೇನ?" ಎಂದು ಕೇಳಿ, ಅತ್ತಿಗೆಯ ಹತ್ತಿರ ಮಾತಾಡದೆ ಅವನಿಗೆ ಊಟವಿಲ್ಲ. ಅವತ್ತು ಅವನು ಮಾಡುವವರೆಗೆ ನಾನು ಕಾಯಲಿಲ್ಲ. ಹಿಟ್ಟಿನ ಕೈ ಒರೆಸಿಕೊಂಡು ನಾನೇ ಫೋನು ಹಚ್ಚಿದೆ, ವೈನಿಗೆ ಕೇಳುವಂತೆ ಸ್ಪೀಕರ್ ಹಾಕಿದೆ.

"ಕಾಕಾ, ಇನ್ನ ಮ್ಯಾಲ ನೀವು ಆಕೀಗೆ ವೈನಿ ಅನ್ನಂಗಿಲ್ಲ. ಆಕಿ ನನ್ನ ವೈನಿ."

ಆ ಕಡೆ ಎಮ್ಮೆಯೊಂದು ಕೂಗಿತು. ಕಾಕಾ ಕೆಮ್ಮಿದ. "ಏನಾತ ಹುಡುಗಿ? ಮಂದಿ ಬುದ್ಧಿ ನೋಡಿ ನೋಡಿ ನಿನ್ನ ಬುದ್ಧಿ ಎತ್ತ ಹೋತು?"

"ಜಗಳಾ ಮಾಡಾಕತ್ತೀನಿ. ಆವಾಗ ಮಾಡಿದ್ದಿಲ್ಲ, ಈಗ ಮಾಡಾಕತ್ತೀನಿ" ಎಂದೆ. ನನ್ನ ದನಿ ಯಾಕೋ ನಾನಂದುಕೊಂಡಷ್ಟು ತಮಾಷೆಯಾಗಿ ಬರಲಿಲ್ಲ.

ಅವನಿಗೆ ಏನು ಅರ್ಥವಾಯಿತೋ.

"ಆತ ಬಿಡವಾ, ನೀನss ಗೆದ್ದಿ" ಎಂದ. "ನಿನ್ನ ವೈನಿಗೆ ಫೋನ ಕೊಡು."

ವೈನಿ ಸೆರಗು ಸರಿಮಾಡಿಕೊಂಡು ಕೈ ಚಾಚಿದಳು. ತುಟಿ ಒಂದು ಕಡೆ ಓರೆಯಾಗಿತ್ತು, ಕಣ್ಣು ತುಂಬಿತ್ತು.